ಫ್ಲಾಪಿಗೆ ಹಚ್ಚಿದ ಕುಂಕುಮ

ವಿಮಲಾ ಅವರೇ, ಆ ಎರಡು ಫ್ಲಾಪಿಗಳನ್ನು ಹಾಳು ಮಾಡಿದವನು ನಾನು. ನೀವಲ್ಲ. ಇದು ನಿಮಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ. ಅದೇ ನನ್ನನ್ನು ಇಂದಿಗೂ ಕೂತಲ್ಲಿ ಕೂರಲು ಬಿಡುತ್ತಿಲ್ಲ.

ಎಂಬತ್ತರ ದಶಕದ ಜಯನಗರ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ — ನೀವೂ ನಾನೂ ಸೇರಿ ಆರು ಜನ, ಒಳಗೆ ಏನನ್ನೂ ಉಳಿಸಿಕೊಳ್ಳದ ಎರಡು ಕಂಪ್ಯೂಟರ್, ಇಂದೋ ನಾಳೆಯೋ ಬಾಗಿಲು ಮುಚ್ಚುವ ಸ್ಥಿತಿ. ಹೊಸ ಮ್ಯಾನೇಜರಾಗಿ ಬಂದ ಶ್ರೀಪತಿ ಸಾರ್ ಬಂದ ದಿನವೇ ನಿಯಮ ಮಾಡಿದರು: ಪ್ರತಿ ಪ್ರೋಗ್ರಾಮನ್ನೂ ಎರಡು ಫ್ಲಾಪಿ ತಟ್ಟೆಗಳಲ್ಲಿ ಉಳಿಸಬೇಕು, ಎರಡೂ ಬೀರುವಿನಲ್ಲಿ, ಕೀ ನಿಮ್ಮ ಬಳಿ ಮಾತ್ರ. ದಸರಾ ಹಬ್ಬ ಮುಗಿದ ಮೇಲೆ ಒಂದು ಗಾರ್ಮೆಂಟ್ಸ್ ಕಾರ್ಖಾನೆಯವರಿಗೆ ನಮ್ಮ ಪ್ರೋಗ್ರಾಂ ತೋರಿಸಬೇಕಿತ್ತು. ಅವರು ಒಪ್ಪದಿದ್ದರೆ ಎಲ್ಲರೂ ಮನೆಗೆ.

ಆಯುಧಪೂಜೆಯ ದಿನ ನೀವು ಸುದ್ದಗುಂಟೆಪಾಳ್ಯದ ಮನೆಗೆ ಬೇಗ ಹೊರಟಿರಿ. ಫ್ಲಾಪಿಗಳಿಗೂ ಪೂಜೆಯಾಗಬೇಕೆಂದು ಹಟ ಹಿಡಿದು ಕೀ ಇಸಿದುಕೊಂಡವನು ನಾನು. ಬರೀ ಕವರಿಗೆ ಹಚ್ಚಿ, ಹೊರಗೆ ತೆಗೆಯಬೇಡಿ ಎಂದು ಎರಡು ಸಲ ಹೇಳಿದಿರಿ. ಕವರಿಗೆ ಹಚ್ಚಿದರೆ ಅದೆಂಥ ಪೂಜೆ? ಎರಡನ್ನೂ ಹೊರಗೆಳೆದು, ಭಕ್ತಿಯಿಂದ ಅರಿಶಿನ ಕುಂಕುಮ ಬಳಿದೆ. ಪುಡಿ ಫ್ಲಾಪಿಯ ಸೀಳಿನೊಳಗೆ ಇಳಿಯಿತು. ಹಬ್ಬ ಕಳೆದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕರ್ಚೀಫಿನಿಂದ ಉಜ್ಜಿ ಒರೆಸಿ, ಒಳಗಿಟ್ಟು, ನೀವು ಬಂದಾಗ ಕೀ ಮರಳಿಸಿದೆ.

ಅಂದೇ ಮಧ್ಯಾಹ್ನ ಕಾರ್ಖಾನೆಯವರ ಎದುರು ಯಂತ್ರ ಕರಕರ ಅಂದಿತು, ಅಷ್ಟೇ. ಎರಡನೆಯ ಫ್ಲಾಪಿಯೂ ಓದಲಿಲ್ಲ. ಅವರು ಎರಡು ವಾರ ಗಡುವು ಕೊಟ್ಟು ಎದ್ದುಹೋದರು. ಫ್ಲಾಪಿಗಳು ಯಾರ ವಶದಲ್ಲಿದ್ದವು ಎಂದು ಶ್ರೀಪತಿ ಸಾರ್ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನನಗೆ ಅಷ್ಟು ಪ್ರಾಮಾಣಿಕತೆಯೂ ಇರಲಿಲ್ಲ. ಎಲ್ಲರಿಗಿಂತ ಮೊದಲು ನಾನೇ ಹೇಳಿದೆ:

"ಬೀರು ಕೀ ವಿಮಲಾ ಅವ್ರ ಹತ್ರಾನೇ ಇರುತ್ತೆ ಸಾರ್."

ಸುಳ್ಳಲ್ಲ. ಅದೇ ಅದರ ಹೇಸಿಗೆ. ನೀವು ನನ್ನನ್ನೇ ನೋಡಿದಿರಿ. ನಾನು ಪ್ರಿಂಟರ್ ನೋಡಿದೆ. ನಿಮ್ಮ ಸಂಬಳದಲ್ಲೇ ತಂಗಿಯರಿಬ್ಬರು ಓದುತ್ತಿದ್ದರೆಂದು ನನಗೆ ಗೊತ್ತಿತ್ತು. ನಾಳೆಯಿಂದ ಬರುವುದು ಬೇಡ ಎಂದು ಶ್ರೀಪತಿ ಸಾರ್ ನಿಮಗೆ ಹೇಳಿದರು. ಕಂಪ್ಯೂಟರ್ ಕೋಣೆಯ ಹೊರಗೆ ಬಿಟ್ಟ ಚಪ್ಪಲಿ ಮೆಟ್ಟಲು ನೀವು ಬಹಳ ಹೊತ್ತು ತೆಗೆದುಕೊಂಡಿರಿ. ಚಪ್ಪಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ — ನಾನು ನಿಜ ಹೇಳಲೆಂದು ಕಾಯುತ್ತಿದ್ದಿರಿ.

ಎರಡು ವಾರ ಕೂತು, ಹಳೆಯ ಪ್ರಿಂಟೌಟ್ ನೋಡಿ ಇಡೀ ಪ್ರೋಗ್ರಾಂ ಮತ್ತೆ ಕುಟ್ಟಿದೆ. ಕಂಪನಿ ಉಳಿಯಿತು. ನನಗೆ ಬಡ್ತಿ. ಹೊಸ ಮ್ಯಾನೇಜರು ಒಬ್ಬರನ್ನು ಕೆಲಸದಿಂದ ತೆಗೆದ ಮೇಲೆಯೇ ಉಳಿದವರಿಗೆ ಶಿಸ್ತು ಬಂತು ಎಂಬ ಕಥೆ ಹುಟ್ಟಿತು. ಹೊಸದಾಗಿ ಸೇರಿದವರಿಗೆಲ್ಲ ನಾನೇ ಅದನ್ನು ಹೇಳಿದೆ, ವರ್ಷಗಟ್ಟಲೆ, ರಸವತ್ತಾಗಿ.

ಸುದ್ದಗುಂಟೆಪಾಳ್ಯದಲ್ಲಿ ನಿಮ್ಮ ಮನೆ ಹುಡುಕಿದೆ, ಸಿಗಲಿಲ್ಲ. ಶ್ರೀಪತಿ ಸಾರ್ ಗಿರಿನಗರದಲ್ಲಿದ್ದಾರೆ, ಈಗ ಕಿವಿ ಮಂದ. ಇವತ್ತು ಅಲ್ಲಿಗೆ ಹೊರಟಿದ್ದೇನೆ. ಅಂದು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಅವರಿಗೆ ಕೇಳುವವರೆಗೆ ಕೂಗಿ ಹೇಳಬೇಕು: ಆಯುಧಪೂಜೆ ದಿನ ಮಾತ್ರ ಕೀ ನನ್ನ ಹತ್ರ ಇತ್ತು ಸಾರ್.