ಅಪ್ಪನ ಎಣಿಕೆ

ನಮ್ಮ ಅಪ್ಪ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಎಣಿಸಿ, ಎಲ್ಲವನ್ನೂ ಒಂದೇ ಸಲ ಕತ್ತರಿಸುವ ಕೆಲಸ. ಎಣಿಸುವಾಗ ತುಟಿಗಳ ನಡುವೆ ನಾಲ್ಕು ಗುಂಡುಪಿನ್ ಕಚ್ಚಿಕೊಳ್ಳುತ್ತಿದ್ದರು. ದರ್ಜಿಗಳಿಗೆ ಇರುವ ಚಟ ಎಂದು ಜನ ತಿಳಿದಿದ್ದರು. ನಿಜ ಬೇರೆ. ಪಿನ್ ಇಲ್ಲದಿದ್ದರೆ ಅವರ ತುಟಿ ಅಲುಗುತ್ತಿತ್ತು, ಹೊರಗೆ ಬರುತ್ತಿದ್ದ ಅಂಕಿಗಳು ಈ ಊರಿನ ಮಾತಿನವಲ್ಲ.

ಅಪ್ಪ ಹೊಳೆಯಾಚೆಯವರು. ಹೊಳೆಯಾಚೆಯ ಮಾತಿನವರಿಗೆ ನಮ್ಮೂರಲ್ಲಿ ಯಾರೂ ಕೆಲಸ ಕೊಡುವುದಿಲ್ಲ, ಬಾಡಿಗೆಗೆ ಮನೆಯನ್ನೂ ಕೊಡುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬಂದ ಅಪ್ಪ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ಎರಡು ವರ್ಷ ಬಾಯಿ ಮುಚ್ಚಿ ಕಿವಿ ತೆರೆದು, ಊರ ಮಾತು ಕಲಿತರಂತೆ. ಕಲಿತದ್ದೆಂದರೆ ಊರವರಿಗೇ ನಾಚಿಕೆಯಾಗಬೇಕು ಹಾಗೆ. ಬೈಗುಳ, ಗಾದೆ, ಹೆಂಡತಿಯ ತವರನ್ನು ಚುಚ್ಚುವ ಕೊಂಕು, ಯಾವುದಕ್ಕೂ ಕೊರತೆಯಿಲ್ಲ. ಅಮ್ಮ ಈ ಊರಿನವಳೇ. ಮದುವೆಯಾಗಿ ಮೂರು ತಿಂಗಳಿಗೆ ಗಂಡ ಜ್ವರದಲ್ಲಿ ಕನವರಿಸಿದ್ದನ್ನು ಕೇಳಿದ ಮೇಲೇ ಅವಳಿಗೆ ವಿಷಯ ತಿಳಿದದ್ದು. ಅವಳು ಯಾರಿಗೂ ಬಾಯಿ ಬಿಡಲಿಲ್ಲ, ನಾನು ದೊಡ್ಡವಳಾದ ಮೇಲೆ ನನಗೊಬ್ಬಳಿಗೆ ಹೇಳಿದಳು. ಆದರೆ ಮನೆಯಲ್ಲಿ ಆ ಮಾತಿನ ಸೊಲ್ಲೆತ್ತುವ ಹಾಗಿರಲಿಲ್ಲ. ಅಪ್ಪನ ಮಾತಿನ ಒಂದಕ್ಷರವೂ ನನಗೆ ಬರುವುದಿಲ್ಲ.

ಚೆನ್ನಾಗಿ ಮಾತಾಡುವವರನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಕಾರ್ಖಾನೆಯಲ್ಲಿದ್ದ ಊರ ಮಾತಿನವರ ಸಂಘ ಅಪ್ಪನನ್ನು ಎಳೆದು ತಂದು ಅಧ್ಯಕ್ಷರನ್ನಾಗಿ ಮಾಡಿತು. ಬೇಡವೆಂದರೆ ಯಾಕೆ ಬೇಡ ಎಂದು ಕೇಳುತ್ತಾರೆ. ಒಪ್ಪಿಕೊಂಡರು. ಕೆಲಸ ಕೇಳಿಕೊಂಡು ಬಂದವರಲ್ಲಿ ಹೊಳೆಯಾಚೆಯವರು ಇದ್ದಾರೆಯೇ ಎಂದು ಪರೀಕ್ಷಿಸುವ ಕುರ್ಚಿಯೂ ಅವರಿಗೇ ಬಂತು. ಮೇಜಿನ ಮೇಲೆ ನಲವತ್ತು ಪದರ ಬಟ್ಟೆ ಇಟ್ಟು ಬೇಗ ಎಣಿಸಿ ಎನ್ನುವುದು. ಪರರ ಮಾತನ್ನು ಎಷ್ಟು ಬೇಕಾದರೂ ಕಲಿಯಬಹುದು, ಅವಸರದ ಎಣಿಕೆ ಮಾತ್ರ ಹುಟ್ಟುಮಾತಿನಲ್ಲೇ ಬರುತ್ತದೆ. ಅಪ್ಪ ಲೆಕ್ಕ ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಪಕ್ಕದಲ್ಲಿ ಕೂತು ಚೀಟಿಯ ಮೇಲೆ ‘ಸರಿ’ ಅಥವಾ ‘ಬೇಡ’ ಎಂದು ಬರೆಯುವ ಗುಮಾಸ್ತೆ ನಾನು.

ಮೊದಲೆರಡು ವರ್ಷ ಹೊಳೆಯಾಚೆಯವರು ಬಂದರೂ ಅಪ್ಪ ‘ಸರಿ’ ಎಂದೇ ಬರೆಸಿದರು. ನನಗೆ ಹೇಗೆ ಗೊತ್ತೆಂದರೆ, ಅಂಥ ದಿನ ಅವರು ಮನೆಗೆ ಬಂದು ಕಾರಣವಿಲ್ಲದೆ ನಗುತ್ತಿದ್ದರು.

ಒಂದು ಸೋಮವಾರ ಇಸ್ತ್ರಿಯ ಕೆಲಸಕ್ಕೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳು. ಸಂಘದ ಕಾರ್ಯದರ್ಶಿ, ಖಜಾಂಚಿ ಇಬ್ಬರೂ ಅಲ್ಲೇ ನಿಂತಿದ್ದರು. ಕೇಳಿದ್ದಕ್ಕೆಲ್ಲ ಊರ ಮಾತಿನಲ್ಲೇ ಸರಿಯಾಗಿ ಉತ್ತರಿಸಿ, ಬೆರಳು ಒದ್ದೆ ಮಾಡಿಕೊಂಡು ಪದರ ಎಣಿಸತೊಡಗಿದಳು. ಅವಳ ತುಟಿ ಅಲುಗುತ್ತಿತ್ತು. ಅರ್ಧಕ್ಕೆ ಬಂದಾಗ ಎಣಿಕೆ ತಪ್ಪಿತು. ಹೆದರಿ ತಲೆಯೆತ್ತಿದಳು.

ಅಪ್ಪ ಮುಂದಿನ ಅಂಕಿ ಹೇಳಿಬಿಟ್ಟರು. ಜೋರಾಗಿ, ತಮ್ಮ ಹುಟ್ಟುಮಾತಿನಲ್ಲಿ, ಮಗುವಿಗೆ ಹೇಳಿಕೊಡುವ ಹಾಗೆ.

ಹೆಂಗಸಿನ ಮುಖ ಅರಳಿತು. ತನ್ನವರೊಬ್ಬರು ಸಿಕ್ಕಿದರೆಂದು ನಂಬಿ, ಅದರ ಮುಂದಿನ ಅಂಕಿಯನ್ನು ಅವಳೂ ಜೋರಾಗಿಯೇ ಹೇಳಿದಳು. ನನ್ನ ಕೈಯ ಪೆನ್ನು ನಿಂತಿತು.

“ಮಾಸ್ಟ್ರೇ, ಏನಂದ್ರಿ ಈಗ?” ಎಂದರು ಕಾರ್ಯದರ್ಶಿ.

ಅಪ್ಪ ಅವರ ಕಡೆ ತಿರುಗಿದರು. “ಗಾಳ ಹಾಕ್ದೆ ಕಣ್ರೀ,” ಎಂದರು. “ಅವರದೊಂದು ಅಂಕಿ ಎಲ್ಲೋ ಕೇಳಿ ಕಲ್ತಿದ್ದೆ. ಹೇಗೆ ಕಚ್ಚಿದ್ಲು ನೋಡಿದ್ರಾ?”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಖಜಾಂಚಿ ಅಪ್ಪನ ಬೆನ್ನು ತಟ್ಟಿದರು. ಹೆಂಗಸು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅಪ್ಪನ ಕತೆ ಮುಗಿಯುತ್ತಿತ್ತು, ಅದು ಅವಳಿಗೂ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಚೀಲ ಎತ್ತಿಕೊಂಡು ಹೋದಳು. ಚೀಟಿಯ ಮೇಲೆ ‘ಬೇಡ’ ಎಂದು ಬರೆದವಳು ನಾನು. ಅಕ್ಷರ ದುಂಡಗೇ ಬಂತು, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಮನೆಯಲ್ಲಿ ವಿಷಯ ಕೇಳಿದ ಅಮ್ಮ, ಕೊಡಲಿ ಕಾವು ಕುಲಕ್ಕೆ ಸಾವು ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿಕೊಂಡಳು. ಅಪ್ಪ ಅವತ್ತು ತಲೆ ತಗ್ಗಿಸಿ ಊಟ ಮಾಡಿದರು.

ಅಲ್ಲಿಗೇ ಮುಗಿದಿದ್ದರೆ ಒಂದು ದಿನದ ಪಾಪ ಎಂದು ಮರೆಯಬಹುದಿತ್ತು. ಮರುವಾರದಿಂದ ಕಾರ್ಯದರ್ಶಿಗೆ ಅದೇ ಹುಚ್ಚು. ಯಾರು ಬಂದರೂ, ಮಾಸ್ಟ್ರೇ, ಗಾಳ ಹಾಕಿ ಅನ್ನುವುದು. ಎಣಿಕೆ ಅರ್ಧಕ್ಕೆ ಬಂದಾಗ ಅಪ್ಪ ಆ ಒಂದು ಅಂಕಿ ಹೇಳಬೇಕು, ಇವರಿಬ್ಬರು ಬಂದವರ ಮುಖವನ್ನೇ ನೋಡುತ್ತ ನಿಲ್ಲಬೇಕು. ಯಾರನ್ನೂ ಕದ್ದು ಒಳಗೆ ಬಿಡುವ ದಾರಿ ಇನ್ನಿಲ್ಲ. ಕುರ್ಚಿ ಬಿಡುತ್ತೇನೆಂದರೆ, ನಿಮ್ಮಂಥ ಕಿವಿ ಇನ್ನೆಲ್ಲಿ ಸಿಗುತ್ತದೆ ಎಂದು ಹೂವಿನ ಹಾರ ಹಾಕಿ ಮತ್ತೆ ಅಲ್ಲೇ ಕೂರಿಸಿದರು. ಹೆಂಡತಿ, ಮಗಳಿಂದ ಬಚ್ಚಿಟ್ಟ ಮಾತನ್ನು ಅಪ್ಪ ಹನ್ನೊಂದು ವರ್ಷ ಎಲ್ಲರೆದುರು ಆಡಿದರು, ಒಂದೇ ಒಂದು ಪದ, ಅದೂ ತಮ್ಮವರನ್ನು ಬಾಗಿಲಾಚೆ ಕಳಿಸುವುದಕ್ಕೆ.

ಅವರು ನಿವೃತ್ತರಾದ ವಾರ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ನಾನು ಧೈರ್ಯ ಮಾಡಿ ಕೇಳಿದೆ. “ಅಪ್ಪ, ಒಂದರಿಂದ ಹತ್ತು ಹೇಳ್ಕೊಡಿ. ಇನ್ನು ಯಾರ ಭಯ?”

ಅಪ್ಪ ಬಾಯಿ ತೆರೆದರು. ನನ್ನ ಮುಖ ನೋಡಿ ಮತ್ತೆ ಮುಚ್ಚಿದರು.

“ಬೇಡಮ್ಮ,” ಎಂದರು. “ಆ ಅಂಕಿ ಕಿವಿಗೆ ಬಿದ್ದ ತಕ್ಷಣ ಅವರ ಮುಖ ಅರಳ್ತಿತ್ತು. ನಿನ್ನ ಮುಖನೂ ಹಾಗೆ ಅರಳಿದ್ರೆ, ನನ್ನ ಕೈಲಿ ನೋಡೋಕಾಗಲ್ಲ.”