ಭಾವ ಉಜ್ಜಿ ಬಿಗಿದ ನಾಲ್ಕು ಸ್ಕ್ರೂ

ಯಾರ ಹತ್ರ ಹೇಳ್ಕೊಂಡು ಅಳಲಿ ಸ್ನೇಹಿತರೇ? ಅರಸೀಕೆರೆಯ ನಮ್ಮ ಲೇತ್ ಅಂಗಡಿಯಲ್ಲಿ ಇವತ್ತು ಬೆಳಗ್ಗೆ ಮೆಷಿನ್ನಿನ ಸ್ಲೈಡು ಮಿಸುಕಲೇ ಇಲ್ಲ. ಕಬ್ಬಿಣ ಕೊರೆಯುವ ಟೂಲನ್ನು ಹೊತ್ತು ಹಿಂದೆ ಮುಂದೆ ಜಾರುವ ಭಾಗ ಅದು. ಅದರ ಪಕ್ಕದ ನಾಲ್ಕು ಸ್ಕ್ರೂ ಸಡಿಲಾದರೆ ಟೂಲು ನಡುಗುತ್ತೆ, ಬಿಗಿಯಾದರೆ ಸ್ಲೈಡೇ ಓಡಲ್ಲ. ಎರಡು ದಿನ ಕೂತು, ಕೂದಲೆಳೆಯಷ್ಟು ಸಂದು ಬಿಟ್ಟು ಹದ ಮಾಡಿದ್ದೆ.

ಶುಕ್ರವಾರದ ಪೂಜೆ ಅಂತ ನನಗಿಂತ ಮೊದಲೇ ಬಂದ ಭಾವ, ಆ ನಾಲ್ಕನ್ನೂ ಬಿಚ್ಚಿ, ಹುಣಸೆಹಣ್ಣು ಹಾಕಿ ಉಜ್ಜಿ, ಇದ್ದ ಬಲವನ್ನೆಲ್ಲಾ ಹಾಕಿ ಬಿಗಿದು, ಕುಂಕುಮ ಇಟ್ಟಿದ್ದಾರೆ!

"ಯಾಕೆ ಭಾವ ಬಿಗಿದ್ರಿ?" ಅಂದೆ.

"ಸ್ಕ್ರೂ ಇರೋದೇ ಬಿಗಿಯಕ್ಕಲ್ವೇನ್ಲಾ? ಲೂಸಾಗಿದ್ವು. ಪುಣ್ಯಕ್ಕೆ ನಾನು ನೋಡ್ದೆ."

ಶಾಫ್ಟ್ ಮಾಡಿಸಲು ಕಣಕಟ್ಟೆಯಿಂದ ಬಂದಿದ್ದ ರಾಗಿ ಮಿಲ್ಲಿನವರು ಎದ್ದರು. "ಮಿಲ್ ನಿಂತು ಮೂರು ದಿನ ಆಯ್ತು ಕಣಣ್ಣ, ಬೇರೆ ಕಡೆ ನೋಡ್ತೀನಿ" ಅಂತ ಹೊರಟೇ ಹೋದರು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

"ಯಾರದ್ದೋ ಕಣ್ಣು ಬಿದ್ದೈತೆ ಕಣ್ಲಾ" ಅಂತ ಭಾವ ಮೆಷಿನ್ನಿಗೆ ದಾರದಲ್ಲಿ ನಿಂಬೆಹಣ್ಣು ಕಟ್ಟಿ ಇಳಿಬಿಟ್ಟರು.

ಸದ್ಯಕ್ಕೆ ನಮ್ಮ ಅಂಗಡಿಯಲ್ಲಿ ಸಲೀಸಾಗಿ ಹಿಂದೆ ಮುಂದೆ ಓಡಾಡ್ತಿರೋದು ಆ ನಿಂಬೆಹಣ್ಣೊಂದೇ.