ಟೇಲರ್ ಮೇಷ್ಟ್ರ ಪ್ರಾಯೋಗಿಕ ಪರೀಕ್ಷೆ

ಜೈಲಿನ ಹೊಲಿಗೆ ಮೇಷ್ಟ್ರು ಕೈದಿಗಳ ಆಪ್ತಸಲಹೆಗಾರರಾದದ್ದು ಬೇರೆ ಯಾರೂ ಸಿಗದೆ ಇದ್ದುದರಿಂದ. ಹತ್ತೊಂಬತ್ತು ವರ್ಷಗಳ ಹಿಂದೆ ಆ ಕೆಲಸದಲ್ಲಿದ್ದವನು ಎರಡು ದಿನದ ರಜೆ ಹಾಕಿ ಹೋದವನು ಹೋದವನೇ. ಹೊಲಿಯುತ್ತ ಕೂತ ಕೈದಿಗಳು ಮೇಷ್ಟ್ರ ಹತ್ತಿರ ಮನೆಯ ಸುಖದುಃಖವನ್ನೆಲ್ಲ ತೋಡಿಕೊಳ್ಳುವುದನ್ನು ಕಂಡ ಸೂಪರಿಂಟೆಂಡೆಂಟರು, "ಹೇಗೂ ಕೇಳಿಸ್ಕೊತಾ ಇದ್ದೀರಲ್ಲ, ಬುಧವಾರ ಬುಧವಾರ ಅದನ್ನೇ ಮಾಡಿ" ಎಂದರು. ಅಂದಿನಿಂದ ಪ್ರತಿ ಬುಧವಾರ ಮಷೀನುಗಳಿಗೆ ಮುಸುಕು ಹಾಕಿ, ಸ್ಟೂಲುಗಳನ್ನು ಸುತ್ತ ಜೋಡಿಸಿ, ಮೇಷ್ಟ್ರು ಕಿವಿಗೊಟ್ಟು ಕೂರುತ್ತಿದ್ದರು.

ಅವರದು ಒಂದೇ ನಿಯಮ. ತಪ್ಪಿದ ಹೊಲಿಗೆಯ ಮೇಲೆ ಇಸ್ತ್ರಿ ಎಳೆದು ಮುಚ್ಚುವವನನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಹೊಲಿಗೆ ಬಿಚ್ಚು, ಮೊದಲಿಂದ ಹಾಕು" ಎನ್ನುತ್ತಿದ್ದರು. ಬುಧವಾರ ಯಾರಾದರೂ ಬಣ್ಣ ಕಟ್ಟಿ ಕತೆ ಹೇಳಿದರೂ ಅದೇ ಮಾತು.

ಹೀಗಿರುವಾಗ ಮೇಲಿನಿಂದ ಸುತ್ತೋಲೆ ಬಂತು. ಅಪರಾಧಿಗಳಿಗೆ ಆಪ್ತಸಲಹೆ ಕೊಡುವವರೆಲ್ಲ ಆರು ತಿಂಗಳೊಳಗೆ ಪ್ರಮಾಣಪತ್ರ ಪಡೆಯಬೇಕು. ಒಂದು ಲಿಖಿತ ಪರೀಕ್ಷೆ, ಒಂದು ಪ್ರಾಯೋಗಿಕ. ಪಾಸಾಗದಿದ್ದರೆ ಬುಧವಾರದ ಕೂಟ ಬಂದ್. ಐವತ್ತೈದನೇ ವಯಸ್ಸಿನಲ್ಲಿ ಪರೀಕ್ಷೆ ಬರೆಯುವ ನಾಚಿಕೆ ಒಂದು ಕಡೆಗಿರಲಿ, ಬುಧವಾರವಿಲ್ಲದ ವಾರವನ್ನು ನೆನೆಸಿಕೊಂಡರೇ ಮೇಷ್ಟ್ರಿಗೆ ಸಂಕಟವಾಗುತ್ತಿತ್ತು.

ಪಠ್ಯಪುಸ್ತಕವೋ ಇಟ್ಟಿಗೆಯಷ್ಟು ದಪ್ಪ. ಎದುರಿನವರ ಭಾವನೆಯನ್ನು ಗುರುತಿಸಿ ಅವರಿಗೇ ಮರಳಿ ಹೇಳಬೇಕು, ಬುದ್ಧಿವಾದ ಹೇಳಕೂಡದು ಎಂದು ಅದರಲ್ಲಿತ್ತು. ಮೇಷ್ಟ್ರು ಮನೆಯಲ್ಲೇ ಅಭ್ಯಾಸ ಶುರುಮಾಡಿದರು.

"ರೀ, ಗ್ಯಾಸ್ ಮುಗಿದಿದೆ" ಎಂದಳು ಹೆಂಡತಿ.

"ಗ್ಯಾಸ್ ಮುಗಿದದ್ದು ನಿಮಗೆ ಬೇಸರ ತಂದಿದೆ ಅನ್ನಿಸುತ್ತೆ."

"ನಿಮಗಂತೆ! ಮೂವತ್ತು ವರ್ಷದಿಂದ ಇಲ್ಲದ ಮರ್ಯಾದೆ ಇವತ್ತು ಎಲ್ಲಿಂದ ಬಂತು? ಎದ್ದು ಸಿಲಿಂಡರ್ ತನ್ನಿ."

"ಸಿಲಿಂಡರ್ ಬೇಕು ಅನ್ನೋ ಭಾವನೆ ನಿಮ್ಮಲ್ಲಿ ಬಲವಾಗಿದೆ."

ಅವತ್ತು ಮಧ್ಯಾಹ್ನ ಮೇಷ್ಟ್ರು ಎರಡು ಬಾಳೆಹಣ್ಣು ತಿಂದು ಓದಿದರು. ಲಿಖಿತ ಪರೀಕ್ಷೆ ಹೇಗೋ ದಡ ಸೇರಿತು.

ಉಳಿದದ್ದು ಪ್ರಾಯೋಗಿಕ. ಪರೀಕ್ಷಕಿಯೊಬ್ಬರು ಬಂದು ಬುಧವಾರದ ಕೂಟದಲ್ಲಿ ಕೂತು ನೋಡುವುದು. ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವನು 'ಸಹಿ'. ಯಾರ ಅಕ್ಷರವನ್ನಾದರೂ ಅಚ್ಚು ಹೊಡೆದಂತೆ ಬರೆಯಬಲ್ಲವನಾದ್ದರಿಂದ ಅವನಿಗೆ ಆ ಹೆಸರು. ಸ್ವಂತ ಅಕ್ಕನ ಸಹಿ ಹಾಕಿ ಅವಳ ಮನೆಯನ್ನು ಮಾರಿ ಒಳಗೆ ಬಂದಿದ್ದ. ಆದರೂ ಅಕ್ಕ ದೊಡ್ಡ ಮನಸ್ಸಿನವಳು. ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. "ತಮ್ಮಾ, ಆದದ್ದು ಆಯಿತು, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಅವನು ಅದನ್ನು ಓದುವಾಗ ಕೂಟವೆಲ್ಲ ಮೂಗು ಒರೆಸಿಕೊಳ್ಳುತ್ತಿತ್ತು.

"ಮೇಷ್ಟ್ರೇ, ಈ ವಯಸ್ಸಲ್ಲಿ ಯಾಕೆ ಒದ್ದಾಡ್ತೀರಿ? ಒಳ್ಳೇ ಕಾಗದ ಒಂದು ತಂದ್ಕೊಡಿ. ಪ್ರಮಾಣಪತ್ರ ನಾಳೆ ರೆಡಿ" ಎಂದ ಸಹಿ.

ಮೇಷ್ಟ್ರು ಕೆಂಗಣ್ಣು ಬಿಟ್ಟರು. ಹಾಗಾದರೆ ಓದೋದಕ್ಕೆ ಆ ಪುಸ್ತಕವನ್ನಾದರೂ ಕೊಡಿ ಎಂದ. ಓದುತ್ತಾನಲ್ಲ ಎಂದು ಹಿಗ್ಗಿ ಕೊಟ್ಟರು. ಅಲ್ಲೇ ಎಡವಟ್ಟಾದದ್ದು.

ಪರೀಕ್ಷಕಿ ಬಂದರು. ಮೇಷ್ಟ್ರ ಮಗಳಷ್ಟು ವಯಸ್ಸು, ಕೈಯಲ್ಲಿ ನಲವತ್ತು ಪ್ರಶ್ನೆಗಳ ನಮೂನೆ. ಮೊದಲು ಎದ್ದು ನಿಂತವನು 'ಸೈಕಲ್'.

"ನನ್ನ ಕೃತ್ಯದ ಸಂಪೂರ್ಣ ಹೊಣೆಯನ್ನು ನಾನು ಹೊರುತ್ತೇನೆ. ಆ ವೃದ್ಧೆಯ ಕಣ್ಣೀರು ನನ್ನನ್ನು ಅನುದಿನವೂ ಕಾಡುತ್ತಿದೆ."

ಮೇಷ್ಟ್ರು ತಬ್ಬಿಬ್ಬಾದರು. ಈ ಮಹಾಶಯ ಜನ್ಮದಲ್ಲಿ ಕದ್ದದ್ದು ಕಾಲೇಜಿನ ಮುಂದೆ ನಿಲ್ಲಿಸಿದ ಸೈಕಲ್ಲುಗಳನ್ನು ಮಾತ್ರ. ಇವನಿಗೆ ವೃದ್ಧೆ ಎಲ್ಲಿ ಸಿಕ್ಕಳು? ಅಷ್ಟರಲ್ಲಿ ಅಂಗಡಿ ಬಾಗಿಲು ಮುರಿಯುವುದರಲ್ಲಿ ನಿಸ್ಸೀಮನಾದ 'ಶಟರ್' ಎದ್ದ. ಅವನನ್ನೂ ಅದೇ ವೃದ್ಧೆ ಅನುದಿನವೂ ಕಾಡುತ್ತಿದ್ದಳು.

ಪರೀಕ್ಷಕಿ ಸಂತೋಷದಿಂದ ಸರಸರನೆ ಟಿಕ್ ಹಾಕುತ್ತಿದ್ದರು. ಸಹಿ ಮೇಷ್ಟ್ರ ಕಡೆ ನೋಡಿ ಮೆಲ್ಲಗೆ ಕಣ್ಣು ಹೊಡೆದ. ಇನ್ನರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಪ್ರಮಾಣಪತ್ರ ಕೈಗೆ ಬಂದ ಹಾಗೆಯೇ, ಬುಧವಾರವೂ ಉಳಿದ ಹಾಗೆಯೇ. ಮೇಷ್ಟ್ರು ಪ್ರಯತ್ನಪಟ್ಟರು, ಪಾಪ. ಎರಡು ನಿಮಿಷ ತಡೆದುಕೊಂಡರು.

"ಸಾಕು ನಿಲ್ಲಿಸ್ರೋ! ಹೊಲಿಗೆ ಬಿಚ್ಚಿ!"

ಪರೀಕ್ಷಕಿಯ ಪೆನ್ನು ನಿಂತಿತು.

"ಮೇಡಂ, ಇದು ನಿಮ್ಮ ಪುಸ್ತಕದ ನೂರ ಹನ್ನೆರಡನೇ ಪುಟ. ಆ ಮುದುಕಿ ಇವರ್ಯಾರಿಗೂ ಗೊತ್ತಿಲ್ಲ" ಎಂದು ಮೇಷ್ಟ್ರು ಹುಡುಗರ ಕಡೆ ತಿರುಗಿದರು. "ನನಗೋಸ್ಕರ ಮಾಡಿದ್ರಿ, ಗೊತ್ತು. ಆದರೆ ಇಲ್ಲೂ ಸುಳ್ಳು ಹೇಳೋದಾದ್ರೆ ಈ ಬುಧವಾರ ಉಳಿದು ಏನಾಗಬೇಕು?"

ಸಹಿ ನೆಲ ನೋಡುತ್ತ ಹೇಳಿದ: "ಎಲ್ಲರಿಗೂ ಬರ್ಕೊಟ್ಟಿದ್ದು ನಾನೇ. ಇನ್ನೊಂದು ಇದೆ ಮೇಷ್ಟ್ರೇ. ಅಕ್ಕ ಇದುವರೆಗೂ ಒಂದು ಸಾಲೂ ಬರೆದಿಲ್ಲ. ಅವಳ ಅಕ್ಷರ ನನಗೆ ಬರುತ್ತಲ್ಲ. ಆ ಕಾಗದಗಳನ್ನೂ ನಾನೇ ಬರ್ಕೊತಿದ್ದೆ."

ಶಟರ್ ಬಾಯಿ ಬಿಟ್ಟುಕೊಂಡು ನೋಡಿದ. "ಹಾಗಾದ್ರೆ ಶಟರ್‌ನ ಕೆಮ್ಮು ವಾಸಿಯಾಯ್ತಾ ಅಂತ ಅಕ್ಕ ಕೇಳಿದ್ದು?"

"ಅದೂ ನಾನೇ."

ಶಟರ್ ಅತ್ತುಬಿಟ್ಟ. ಇದು ಪುಸ್ತಕದಲ್ಲಿರಲಿಲ್ಲ.

"ನೀನು ಅವಳಿಗೆ ಬರೆದಿದ್ದೀಯಾ?" ಎಂದರು ಮೇಷ್ಟ್ರು.

"ಇಲ್ಲ."

"ಬರಿ. ಬೇರೆ ಯಾರ ಅಕ್ಷರದಲ್ಲೂ ಅಲ್ಲ, ನಿನ್ನದರಲ್ಲಿ."

ಫಲಿತಾಂಶ ಬಂತು. ಧ್ವನಿ ಏರಿಸಿದ್ದಕ್ಕೆ ಅಂಕ ಕಡಿತ, ನಡುವೆ ಬಾಯಿ ಹಾಕಿದ್ದಕ್ಕೆ ಕಡಿತ, ಬುದ್ಧಿವಾದ ಹೇಳಿದ್ದಕ್ಕೆ ಕಡಿತ, ಸಮಯ ಮೀರಿದ್ದಕ್ಕೆ ಕಡಿತ. ನಲವತ್ತನೆಯ ಪ್ರಶ್ನೆ ಮಾತ್ರ 'ಇದುವರೆಗೆ ಹೇಳದಿದ್ದ ನಿಜವನ್ನು ಯಾರಾದರೂ ಹೇಳಿದರೇ?' ಎಂದಿತ್ತು. ಅದಕ್ಕೆ ಪೂರ್ತಿ ಅಂಕ. ಮೇಷ್ಟ್ರು ಒಂದೇ ಅಂಕದ ಅಂತರದಲ್ಲಿ ಪಾಸಾಗಿದ್ದರು.

ಮುಂದಿನ ಬುಧವಾರ ಸಹಿ ಪ್ರಮಾಣಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮುಖ ಕಿವುಚಿದ. "ಸೀಲು ಓರೆ. ಸಹಿ ರಬ್ಬರ್ ಸ್ಟಾಂಪು. ನಾನಾಗಿದ್ರೆ ಇದಕ್ಕಿಂತ ಮರ್ಯಾದೆಯಾಗಿ ಮಾಡ್ತಿದ್ದೆ."

ಆಮೇಲೆ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದುಕೊಟ್ಟ. ಊರಿನವರ ಅಕ್ಷರವನ್ನೆಲ್ಲ ಮುತ್ತು ಪೋಣಿಸಿದಂತೆ ಬರೆಯುವವನ ಸ್ವಂತ ಬರಹ ಕಾಗೆಕಾಲು ಗುಬ್ಬಿಕಾಲು. ಸಾಲುಗಳು ಒಂದರ ಮೇಲೊಂದು ಬಿದ್ದಿದ್ದವು, ಎಲ್ಲೆಲ್ಲೂ ಹೊಡೆದುಹಾಕಿದ ಗುರುತು.

"ಇದು ನಂದೇ ಅಂತ ಅಕ್ಕ ನಂಬ್ತಾಳಾ ಮೇಷ್ಟ್ರೇ?"

"ನಂಬದೆ ಏನು? ಇಷ್ಟು ಕೆಟ್ಟದಾಗಿ ಬೇರೆ ಯಾರು ಬರೀತಾರೆ?" ಎಂದ ಮೇಷ್ಟ್ರು, ಪ್ರಮಾಣಪತ್ರವನ್ನು ಮೇಜಿನ ಮೇಲೆಯೇ ಬಿಟ್ಟು, ಕಾಗದವನ್ನು ಒಳಜೇಬಿನಲ್ಲಿ ಜೋಪಾನವಾಗಿಟ್ಟುಕೊಂಡು ಅಂಚೆಗೆ ಹಾಕಲು ಹೊರಟರು.